ಸೀಳಿದ ನೆಲ

ಆರು ಪದರದ ಬೋರ್ಡು, ಒಂದೂವರೆ ಮಿಲಿಮೀಟರು ಚಿಲ್ಲರೆ ದಪ್ಪ.
ಮೇಲೆ ಊರು: ಚಿಪ್ಪು, ಹರಳು, ಓಣಿ ಓಣಿ ತಾಮ್ರದ ಗೆರೆ.
ಅದರಡಿಗೆ ನೆಲ.
ನೆಲವೆಂದರೆ ಏನೂ ಬರೆಯದ ಇಡೀ ತಾಮ್ರದ ಹಾಳೆ.
ಅಲ್ಲಿ ಏನೂ ನಡೆಯುವುದಿಲ್ಲ ಅಂದುಕೊಂಡಿದ್ದೆ.

ಮಂಜುಗಡ್ಡೆಯ ದಪ್ಪ ಅಳೆಯುವ ಪೆಟ್ಟಿಗೆ ಅದು.
ಔಲು ಊರಿನ ಕಡೆಯಿಂದ ಹೈಲುವೊಟೊ ದ್ವೀಪಕ್ಕೆ
ಚಳಿಗಾಲದಲ್ಲಿ ಕಡಲ ಮೇಲೇ ಬೀಳುತ್ತದಲ್ಲ, ಆ ದಾರಿಗೆ.
ಸೆನ್ಸರಿನ ದನಿ ಪಿಸುಮಾತು,
ಪಕ್ಕದ ಗಡಿಯಾರದ ಚಿಪ್ಪು ಬಾಯಿಬಡುಕ.
ಅದಕ್ಕೇ ನೆಲವನ್ನು ಸೀಳಿದೆ:
ಇತ್ತ ಮಡಿ, ಅತ್ತ ಮೈಲಿಗೆ,
ನಡುವೆ ಎರಡು ಮಿಲಿಮೀಟರು ಬರಿಯ ಗಾಜಿನ ನಾರು.
ವಿದ್ಯುತ್ತಿನ ಪದರಕ್ಕೂ ಅಲ್ಲೇ ಕತ್ತರಿ.
ಒಂದು ಮೂಲೆಯಲ್ಲಿ ಶಾಸ್ತ್ರಕ್ಕೊಂದು ಕಿರುಸೇತುವೆ.
ಪರದೆಯ ಮೇಲೆ ಚೆಂದ ಕಂಡಿತು.
ಸೀಳನ್ನು ಅಡ್ಡ ಹಾಯ್ದಿದ್ದ ನಾಲ್ಕು ಗೆರೆಗಳು
ಚೆಂದದಲ್ಲಿ ಕಣ್ಣಿಗೆ ಬೀಳಲಿಲ್ಲ.

ಹಿಲ್ಕಾ ರೊನ್ಕೈನೆನ್‌ಳ ಪರೀಕ್ಷಾ ಕೋಣೆ.
ಗೋಡೆ ತುಂಬ ನೀಲಿ ಸ್ಪಂಜಿನ ಮುಳ್ಳು,
ಕೆಮ್ಮಿದರೆ ಕೆಮ್ಮು ತಿರುಗಿ ಬರದು.
ನೂರಿಪ್ಪತ್ತೈದು ಮೆಗಾಹರ್ಟ್ಸಿನಲ್ಲಿ
ಮಿತಿಯ ಗೆರೆ ತೂತು ಮಾಡಿಕೊಂಡು ಎದ್ದಿತೊಂದು ಮೊಳೆ.
ಫೆರೈಟ್ ಉಂಗುರ ತೊಡಿಸಿದೆ,
ಕೆಪಾಸಿಟರು ಬಿತ್ತಿದೆ, ತಗಡು ಹೊದಿಸಿದೆ.
ಮೂರು ದಿನ.
ಮೊಳೆ ಕೂದಲೆಳೆಯಷ್ಟೂ ಕುಗ್ಗಲಿಲ್ಲ.

ಹಿಲ್ಕಾ ಬೋರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದಳು.
ಎಲ್ಲ ಕಪ್ಪು; ಸೀಳಿನುದ್ದಕ್ಕೆ ಮಾತ್ರ
ಹಸಿರು ಬೆಳಕು ಸೋರಿತು.
"ಹೋಗುವವನು ಇಲ್ಲಿ ಹಾರಿದ. ಸರಿ.
ಬರುವವನು ಎಲ್ಲಿ ಹಾರಬೇಕು?"

ಕಾಫಿಗೆ ಕೂತಾಗ ಹೇಳಿದಳು:
ನಿಧಾನದ ವಿದ್ಯುತ್ತು ಸೋಮಾರಿ, ನೆಲದ ಅಗಲಕ್ಕೂ ಹರಡಿ ಬರುತ್ತದೆ.
ಅವಸರದ್ದು ಹಾಗಲ್ಲ.
ಹೋದ ಗೆರೆಯ ಅಡಿಗೇ, ನೆರಳಿನಂತೆ,
ತಿರುವಿಗೆ ತಿರುವು ಕೊಟ್ಟು ಮರಳುತ್ತದೆ.
ನಾನು ಬರೆದದ್ದು ಹೋದ ಪುಟ್ಟನನ್ನು ಮಾತ್ರ.
ಬಂದ ಪುಟ್ಟನನ್ನು ಯಾರೂ ಬರೆಯುವುದಿಲ್ಲ,
ಅವನ ದಾರಿ ಅವನೇ ಹುಡುಕಬೇಕು.

ಅವಳ ಸೋದರಮಾವ ಆರ್ರೆ ಟಪಾಲಿನ ವ್ಯಾನು ಓಡಿಸುತ್ತಿದ್ದ.
ಬೆಳಿಗ್ಗೆ ನೇರ ದಾರಿಯಲ್ಲಿ ದ್ವೀಪಕ್ಕೆ ಹೋದ;
ಮಧ್ಯಾಹ್ನ ಗಡ್ಡೆ ಬಿರಿಯಿತು.
ಬಿರುಕಿನ ಗುಂಟ ಬಡಗಣಕ್ಕೆ, ಅದರ ಕೊನೆ ಸಿಗುವವರೆಗೆ,
ಮತ್ತೆ ತೆಂಕಣಕ್ಕೆ. ನಾಲ್ಕು ಗಂಟೆ.
ರೇಡಿಯೋದ ಗುಂಡಿ ಒತ್ತಿದ್ದು ಬಿಡಲೇ ಇಲ್ಲವಂತೆ,
ಅವನ ಬೈಗುಳ ಆ ಸಂಜೆ ಇಡೀ ಕರಾವಳಿಗೆ ಕೇಳಿಸಿತು.
"ನಿನ್ನ ಮೊಳೆ ಅದೇ," ಅಂದಳು. "ಸುತ್ತು ದೊಡ್ಡದಾದಷ್ಟೂ ಕೂಗು ಜೋರು."

ಸೀಳನ್ನು ಅಳಿಸಿದೆ. ಒಂದು ಕೀಲಿ ಒತ್ತಿದ್ದಕ್ಕೆ
ತಾಮ್ರ ಹರಿದು ಬಂದು ಕೂಡಿಕೊಂಡಿತು,
ನಾನು ಸೀಳಿದ್ದು ಅದಕ್ಕೆ ನೆನಪೇ ಇಲ್ಲವೆಂಬಂತೆ.
ಪಿಸುಮಾತಿನವರನ್ನು ಒಂದು ಮೂಲೆಗೆ ಕೂರಿಸಿದೆ,
ಬಾಯಿಬಡುಕರನ್ನು ಇನ್ನೊಂದಕ್ಕೆ.
ಗೋಡೆಯಿಲ್ಲ. ದೂರ, ಅಷ್ಟೆ.

ಹೊಸ ಬೋರ್ಡು ಕೈಗೆ ಬಂದದ್ದು ಮೇ ತಿಂಗಳ ಕೊನೆಗೆ.
ಹಿಲ್ಕಾ ಮತ್ತೆ ಬೆಳಕಿಗೆ ಹಿಡಿದಳು, ಏನೂ ಕಾಣಲಿಲ್ಲ,
"ಹ್ಞೂಂ" ಅಂದಳು.
ಮೊಳೆ ಇರಲಿಲ್ಲ.
ಅಳೆಯಲು ಮಂಜುಗಡ್ಡೆಯೂ ಇರಲಿಲ್ಲ;
ದ್ವೀಪಕ್ಕಾಗಲೇ ಹಡಗು ಶುರುವಾಗಿತ್ತು.