ಕೋಣೆಯಲ್ಲಿ ಒಂದು

ಬ್ರೆಷಾ ದಾಟಿ ಮೇಲೆ, ಮೆಲ್ಲಾ ಹೊಳೆಯ ಕಣಿವೆಯಲ್ಲಿ
ಮನೆಮನೆಗೂ ಕೋವಿಯ ಕೆಲಸ,
ನಮ್ಮ ಕಡೆ ಹಪ್ಪಳ ಒತ್ತಿದ ಹಾಗೆ.
ನನ್ನ ಮನೆಯೊಡತಿ ದೆಲ್ಫೀನಾಗೆ ಎಪ್ಪತ್ತೆಂಟು.
ಬೀನ್ಸ್ ಕಾಳು ಬಿಡಿಸುತ್ತ ಹೇಳುತ್ತಾಳೆ:

ಚಿಕ್ಕವಳಿದ್ದಾಗ ಅಂದುಕೊಂಡಿದ್ದೆ
ಅಪ್ಪ ಕೆಲಸಕ್ಕೆ ಹೋಗುವುದು ಯಾವುದೋ ಮೃಗಾಲಯಕ್ಕೆ.
ರಾತ್ರಿ ಊಟಕ್ಕೆ ಕೂತು ಅನ್ನುತ್ತಿದ್ದ,
"ಇವತ್ತು ನಾಯಿ ಮುರೀತು. ಜೀರುಂಡೆ ಸಿಕ್ಕಿಹಾಕಿಕೊಂಡಿದೆ,
ಎಣ್ಣೆ ಬಿಟ್ಟೆ, ಅಲ್ಲಾಡಲಿಲ್ಲ."
ನಾನು ತಟ್ಟೆ ಬಿಟ್ಟು ಅಳುತ್ತಿದ್ದೆ, ನಾಯಿಗಾಗಿ.

ನಾಯಿಯೆಂದರೆ ಮದ್ದಿಗೆ ಬಡಿಯುವ ಸುತ್ತಿಗೆ.
ಜೀರುಂಡೆಯೆಂದರೆ ಬೆರಳು ಸೇದುವ ಕೊಂಡಿ.
ನಳಿಗೆಯ ಒಳಗಿನ ಟೊಳ್ಳಿಗೆ ಈ ಜನ ಆತ್ಮ ಅನ್ನುತ್ತಾರೆ.
ಅವಳಜ್ಜ ಬೋರ್ತೊಲೊ ದಿನವಿಡೀ ಕಿಟಕಿಯ ಬೆಳಕಿಗೆ ಹಿಡಿದು
ಆತ್ಮ ನೆಟ್ಟಗಿದೆಯೇ ನೋಡುತ್ತಿದ್ದನಂತೆ,
ಒಂದು ಕಣ್ಣು ಮುಚ್ಚಿ. ಆತ್ಮಕ್ಕಿಷ್ಟು ಅಂತ ಕೂಲಿ.

"ನಿಮ್ಮಲ್ಲಿ?" ಕೇಳಿದಳು.
ನಮ್ಮಲ್ಲಿ ನಾಯಿಯಿಲ್ಲ, ಕುದುರೆ, ಎಂದೆ. ಎಳೆದರೆ ಓಡುತ್ತದೆ.
ನಮ್ಮೂರ ಬಾಯಲ್ಲಿ ತೋಟವೆಂದರೆ
ಹೂ ಬಿಡುವುದೂ ಹೌದು, ಕೋವಿಗೆ ತುಂಬುವುದೂ ಹೌದು.
ಗುಂಡು ಎದೆಗೆ ತಾಗುತ್ತದೆ, ಸಂಜೆ ಗೆಳೆಯರು ಅದನ್ನೇ ಹಾಕುತ್ತಾರೆ,
ನನ್ನ ತಮ್ಮನ ಮುದ್ದಿನ ಹೆಸರೂ ಗುಂಡು.
ಮದ್ದು ಕೆಮ್ಮಿಗೂ ಅದೇ, ಕೋವಿಗೂ ಅದೇ.
ನಕ್ಕಳು. ಮಡಿಲಲ್ಲಿ ಬೋಗುಣಿ ಕುಣಿಯಿತು.
ಆಮೇಲೆ ತಡೆದು, "ತಮ್ಮ ಅಂದೆಯಲ್ಲ," ಅಂದಳು.

ಫೌಸ್ತೀನೊ. ಹತ್ತೊಂಬತ್ತು. ಅಕ್ಟೋಬರ್, ಹಕ್ಕಿ ಬೇಟೆ.
ಬೇಲಿ ದಾಟಿ, ಆಚೆ ಉಳಿದ ಕೋವಿಯನ್ನು
ನಳಿಗೆ ಹಿಡಿದು ಎಳೆದುಕೊಂಡ.
ಠಾಣೆಯವನು ಬಾಗಿಲಲ್ಲಿ ಟೋಪಿ ತೆಗೆದು ಹೇಳಿದ್ದು ಇಷ್ಟೇ:
"ಅಮ್ಮಾ, ಕೋಣೆಯಲ್ಲಿ ಒಂದು ಉಳಿದಿತ್ತು."

ಅವರಮ್ಮ ಇಪ್ಪತ್ತು ವರ್ಷ
ಕೋವಿಯ ಮರದ ಹಿಡಿಗೆ ಮೆರುಗು ಉಜ್ಜಿದವಳು.
ಅವಳಿಗೆ ಗೊತ್ತಿಲ್ಲದ ಕೋಣೆಯೇ ಅದು?
ಆದರೂ ಮೆಟ್ಟಿಲು ಹತ್ತಿದಳು, ಅವನ ಕೋಣೆಗೆ.
ಮಂಚದ ಕೆಳಗೆ ಬಗ್ಗಿ ನೋಡಿದಳು.
ಕಪಾಟು ತೆಗೆದಳು. ಹಾಸಿಗೆ ಕೊಡವಿದಳು.
ಇಳಿದು ಬಂದು, ಇನ್ನೂ ನಿಂತೇ ಇದ್ದವನಿಗೆ ಹೇಳಿದಳು:
"ಇಲ್ಲ. ಏನೂ ಉಳಿದಿಲ್ಲ."

ನಾನು ಮಲಗುವುದು ಆ ಕೋಣೆಯಲ್ಲೇ.
ಕಿಟಕಿಯಾಚೆ ಜೀರುಂಡೆ, ಆರು ಕಾಲಿನದು, ನಿಜವಾದದ್ದು.
ಅದು ಕೂಗುವಷ್ಟು ಹೊತ್ತೂ ನಿದ್ದೆ.
ನಿಲ್ಲಿಸಿದ ಕೂಡಲೇ ಎಚ್ಚರ.

ಬೆಳಿಗ್ಗೆ ಪೇಟೆಗೆ ಹೊರಟಾಗ ಚೀಟಿಯಲ್ಲಿ
'ದೆಲ್ಫೀನಾಗೆ ಮದ್ದು' ಅಂತ ಬರೆದೆ.
ಹೊಡೆದುಹಾಕಿದೆ. ಮೇಲೆ 'ಮಾತ್ರೆ' ಅಂತ ಬರೆದೆ.
ಅದಕ್ಕೂ ಎರಡರ್ಥ: ಲಘುವಿಗೆ ಒಂದು, ಗುರುವಿಗೆ ಎರಡು.
ಇರಲಿ.
ಅದರ ಲೆಕ್ಕ ತಪ್ಪಿ ಇದುವರೆಗೆ ಯಾರೂ ಸತ್ತಿಲ್ಲ.