ತಳದ ಅಂಕಿ

ಸಿಂಧನೂರು ಕೋರ್ಟಿನ ನಜೀರ್ ಕಿಟಕಿ ನನ್ನದು.
ಇಪ್ಪತ್ತೆರಡು ವರ್ಷ, ಅದೇ ಸರಳು,
ಆಚೆ ಬದಿಯ ಕೈ ಮಾತ್ರ ಬೇರೆ ಬೇರೆ.
ಕೈ ನೋಡಿಯೇ ಹೇಳಬಲ್ಲೆ
ದಂಡ ಕಟ್ಟುವುದೋ, ಕಟ್ಟಲಾರದೋ.

ಅವತ್ತು ಹುಸೇನವ್ವ.
ಬೆರಳ ಸಂದಿಯಲ್ಲಿ ಕೆಸರು ತಿಂದ ಬಿಳಿ ಹುಣ್ಣು,
ನಾಟಿ ಹಂಗಾಮಿನ ಗುರುತು.
ಪುಟ್ಟಿಯಲ್ಲಿ, ಪುಂಡಿಪಲ್ಯದ ಕೆಳಗೆ
ಹದಿನೇಳು ಸೆರೆ ಪಾಕೀಟು.
(ಕುಡಿಯುವುದಕ್ಕೂ ಕೂಡಿಹಾಕುವುದಕ್ಕೂ
ನಮ್ಮ ಕಡೆ ಅದೊಂದೇ ಮಾತು.)
ಮಾರಿದ್ದು ಖರೆ, ಅಂದಳು.
ಅಲ್ಲ ಅನ್ನಿಸಲಿಕ್ಕೆ ವಕೀಲರೂ ಇರಲಿಲ್ಲ.

ಕೋರ್ಟು ಏಳುವ ತನಕ ಸಜೆ,
ಹತ್ತು ಸಾವಿರಕ್ಕೆ ಕಡಿಮೆಯಿಲ್ಲದ ದಂಡ,
ತಪ್ಪಿದರೆ ತೊಂಬತ್ತು ದಿನ.

ಮೊದಲನೆಯದು ಸಲೀಸಾಗಿ ಕಳೆಯಿತು.
ಗೋಡೆಗೊರಗಿ ಫ್ಯಾನಿನಡಿ ನಿದ್ದೆಹೋದಳು.

ಮೇಡಂ ಹೊಸಬರು. ಬರೆಯುವ ಮುಂಚೆ
ಪೆನ್ನಿನ ಮುಚ್ಚಳ ಎರಡು ಸಲ ಹಾಕಿ ತೆಗೆದರು.
'ತಳ ಹಾಕಿಬಿಟ್ಟಿದ್ದಾರೆ, ಕೆಳಗಿಳಿಯೋಕೆ ಬರಲ್ಲ.'
ತಳ ಹಾಕಿದವರೂ ಕೆಟ್ಟವರಲ್ಲ, ನಾ ಬಲ್ಲೆ:
ದಯೆಗೂ ರೇಟು ಕಟ್ಟುವವರಿದ್ದ ಕಾಲ ಕಂಡವನು,
ಇದೇ ಕಿಟಕಿಯಿಂದ.

ಅದೇ ಮಧ್ಯಾಹ್ನ ಬಾರಿನ ಮಾಲಕರೊಬ್ಬರು,
ಅದೇ ಕಲಂ, ಅದೇ ಹತ್ತು ಸಾವಿರ.
ನಿಂತ ಕಾರಿನ ಎಂಜಿನ್ ಆರಿಸಲಿಲ್ಲ.
ಇನ್ನೂರು ಜಾಸ್ತಿ ಇಟ್ಟು 'ಚಹಾಕ್ಕಿರಲಿ' ಅಂದರು.
ವಾಪಸು ಕೊಟ್ಟೆ.
ಮನೆಯಲ್ಲಿ ಇದನ್ನು ಮೂರು ಸಲ ಹೇಳಿದ್ದೇನೆ.

ಹುಸೇನವ್ವನ ಗಂಟಿನಲ್ಲಿ ಎಂಟು ಸಾವಿರದ ನಾಲ್ಕುನೂರು.
ಹತ್ತರ ನೋಟು, ಐದರ ಬಿಲ್ಲೆ,
ಸಂಘದಿಂದ ಎತ್ತಿದ ಐನೂರರ ಆರು.
ಎರಡು ಸಲ ಎಣಿಸಿದೆ,
ಎಣಿಸಿದರೆ ಹೆಚ್ಚುತ್ತದೇನೋ ಎಂಬಂತೆ.
ಕಟ್ಟಿದಷ್ಟಕ್ಕೆ ದಿನ ಕಡಿತ.
ಉಳಿದ ಸಾವಿರದಾರುನೂರಕ್ಕೆ ಲೆಕ್ಕ ಹಾಕಿದೆ:
ಹದಿನಾಲ್ಕು ದಿನ, ಒಂಬತ್ತೂವರೆ ತಾಸು.

'ದಿನಕ್ಕೆಷ್ಟು ಬಿತ್ತು ಸಾರ್?'
ನೂರಾಹನ್ನೊಂದು.
ಸ್ವಲ್ಪ ಹೊತ್ತು ಸುಮ್ಮನಿದ್ದಳು.
'ನಾಟಿಗೆ ಹೋದರ ನಾಕುನೂರು ಕೊಡ್ತಾರ.
ನಾಕು ದಿನ ಗದ್ಯಾಗ ಬಿಟ್ಟರ
ತೀರಿಸೇ ಬರ್ತಿದ್ನೆಲ್ಲ.
ಒಳಗ ಹಾಕಿ ಸರಕಾರಕ್ಕ ಏನು ಬಂತು?
ಮ್ಯಾಲೆ ಅನ್ನಾನೂ ಹಾಕಬೇಕು.'

ನನ್ನ ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ.
ರಸೀದಿ ಹರಿದು ಕೊಟ್ಟೆ.
ಹೆಬ್ಬೆಟ್ಟಿಗೆ ಅಂತ ಮಸಿಪ್ಯಾಡು ಸರಿಸಿದರೆ
ಪೆನ್ನು ಕೇಳಿದಳು.
ನಿಧಾನವಾಗಿ, ಒತ್ತಕ್ಷರಕ್ಕೆ ಜೋರಾಗಿ ಒತ್ತಿ
ಹೆಸರು ಬರೆದಳು.

ಮಾನ್ವಿ ದಾಟಿ ರಾಯಚೂರು ಜೈಲಿಗೆ
ಕೆಂಪು ಬಸ್ಸಿನಲ್ಲಿ, ಜೊತೆಗೊಬ್ಬಳು ಪೊಲೀಸು.
ಟಿಕೀಟು ಸರಕಾರದ್ದು.

ಹದಿನೈದನೇ ದಿನ
ಆ ಒಂಬತ್ತೂವರೆ ತಾಸು ಯಾರು ಅಳೆದರು,
ಯಾವ ಗಡಿಯಾರದಲ್ಲಿ?
ಬೆಳಿಗ್ಗೆ ಬಿಟ್ಟರೋ, ಕತ್ತಲಾದ ಮೇಲೋ,
ಆ ಹೊತ್ತಿಗೆ ಬಸ್ಸಿತ್ತೋ?

ಅವತ್ತು ನನ್ನ ಜೇಬಿನಲ್ಲಿ ಎರಡು ಸಾವಿರವಿತ್ತು.
ನೌಕರ ಕಟ್ಟಬಾರದು ಅಂತ ನಿಯಮವಿದೆ ಅಂದುಕೊಂಡೆ.
ಆಮೇಲೆ ಹುಡುಕಿದೆ, ಸಿಗಲಿಲ್ಲ.
ಗ್ಯಾಸಿನವನಿಗೆ ಕೊಟ್ಟು ಉಳಿದದ್ದರಲ್ಲಿ
ಬಸ್‌ಸ್ಟ್ಯಾಂಡಿನೆದುರು ಮಂಡಾಳು ಮಿರ್ಚಿ ತಿಂದೆ.
ಖಾರ ಜಾಸ್ತಿಯಾಗಿತ್ತು.
ಕಣ್ಣು ಒರೆಸಿಕೊಂಡೆ, ಅದಕ್ಕೇ.