ನಾಲ್ಕು ಜ್ವರ

ಡೈರಿಯಲ್ಲಿ ಸಂಜೆ ಹಾಲು ಅಳೆದಾದ ಮೇಲೆ
ಅಂಗನವಾಡಿಗೆ ಬನ್ನಿ, ಅಪ್ಪಂದಿರು ಮಾತ್ರ,
ಎಂದು ಮೈಕಿನಲ್ಲಿ ಕೂಗಿಸಿದ್ದರು ಮುನಿಲಕ್ಷ್ಮಮ್ಮ ಟೀಚರು.
ಹೋದವರು ಒಂಬತ್ತು ಜನ.
ಬೋಂಡದ ವಾಸನೆ ಹಿಡಿದು ಬಂದವರನ್ನು ಬಿಟ್ಟರೆ ಐದು.

ಮಕ್ಕಳ ಕೆಂಪು ಕುರ್ಚಿ. ಕೂತರೆ ಮೊಣಕಾಲು ಗದ್ದಕ್ಕೆ.
ಶಿಡ್ಲಘಟ್ಟದಲ್ಲಿ ನೂಲು ತೆಗೆಯುವ ಅಮಾನುಲ್ಲಾ,
ಎರಡು ಸಲ ಪಂಚಾಯ್ತಿ ಮೆಂಬರಾಗಿದ್ದ ಕದಿರಪ್ಪ,
ಎಲ್ಲರೂ ಈಗ ಒಂದೇ ಎತ್ತರ.

ಪರೀಕ್ಷೆ ಅಲ್ಲ, ಸುಮ್ಮನೆ ಕೇಳ್ತೀನಿ, ಎಂದರು ಟೀಚರು.
ಮಗುವಿನ ಚಪ್ಪಲಿ ಅಳತೆ ಎಷ್ಟು?
ಯಾವ ಸಾರು ಹಾಕಿದರೆ ತಟ್ಟೆ ತಳ್ಳುತ್ತೆ?
ಕೊನೇ ಸಲ ಜ್ವರ ಬಂದದ್ದು ಯಾವತ್ತು?

ಜ್ವರ ಅಂದದ್ದೇ ತಡ, ನನಗೆ ಬಾಯಿ ಬಂತು.
ಒಂದು, ಎರಡು ಚಾಕಿಯಲ್ಲೇ ಮುಗೀತವೆ,
ಮೂರಕ್ಕೆ ಸುಣ್ಣ ಉದುರಿಸಿ ಒಂದು ಹಗಲು ಸುಮ್ಮನಿರಬೇಕು,
ನಾಲ್ಕನೇದು ಮಂಗಳವಾರ ಬೆಳಗಿನ ಜಾವ ಎದ್ದಿತು,
ಒಂದೂ ಹಿಂದೆ ಬೀಳಲಿಲ್ಲ...
ಟೀಚರು ಕಾದರು.
"ಹುಳದ್ದಲ್ಲ ಸೊಣ್ಣಪ್ಪ. ಮೌನಿಕಂದು."

ನಗು. ಕದಿರಪ್ಪನದೇ ಜೋರು.
ಚಪ್ಪಲಿ ಅಳತೆ ಕೇಳಿದರು, ಅವನೂ ನಿಂತ.
ತಾಯಿ ಕಾರ್ಡಲ್ಲಿ ಇರ್ತದೆ ಬಿಡಿ, ಎಂದರು ಯಾರೋ.
ಅದರಲ್ಲಿ ನಾವಿರುವುದು ಒಂದೇ ಸಾಲು, 'ಗಂಡನ ಹೆಸರು',
ಅದೂ ಟೀಚರೇ ಬರೆದದ್ದು.

ಅಮಾನುಲ್ಲಾ ಮಾತ್ರ ಕೈ ನೋಡಿಕೊಂಡ.
ಗೂಡು ಬೇಯುವ ನೀರಲ್ಲಿ ತಾನೂ ಬೆಂದು ಬಿಳುಚಿದ ಬೆರಳು.
"ಇದರಲ್ಲಿ ಮುಟ್ಟಿದರೆ ಬಿಸಿ ಗೊತ್ತಾಗಲ್ಲ ಮೇಡಂ,
ನಾನು ಕೆನ್ನೆ ಇಟ್ಟು ನೋಡ್ತೀನಿ."

ಆಮೇಲೆ ಯಾರೂ ನಗಲಿಲ್ಲ.
ಮುಂದಿನ ತಿಂಗಳು ಬೋಂಡ ಇರಲ್ಲ, ಎಂದರು.
ನೋಡೋಣ, ಎಂದು ಎದ್ದೆವು.
ಕುರ್ಚಿ ಕೆಲವರಿಗೆ ಅಂಟಿಕೊಂಡೇ ಎದ್ದಿತು.

ಮೂರನೇ ರಾತ್ರಿ. ಹನ್ನೊಂದರ ಸೊಪ್ಪಿಗೆ ಎದ್ದು
ಮಂಕರಿ ಹೊತ್ತು ನಡುಮನೆ ದಾಟುತ್ತಿದ್ದೆ.
ಹೊದಿಕೆ ಒದ್ದು ಮಲಗಿದ್ದಳು ಮೌನಿ.
ಕೈ ಇಡಲು ಹೋದವನು, ನೆನಪಾಗಿ, ಕೆನ್ನೆ ಇಟ್ಟೆ.
ಗಡ್ಡ ಚುಚ್ಚಿತೋ ಏನೋ, ಮುಖ ತಿರುಗಿಸಿದಳು.
ಸುಡುತ್ತಿತ್ತು.

ಇವಳನ್ನು ಕೂಗಲು ತೆರೆದ ಬಾಯಿ ಮುಚ್ಚಿದೆ.
ಪಾತ್ರೆ ತೊಳೆದು ಈಗ ತಾನೇ ಒರಗಿದ್ದಾಳೆ.
ಬಟ್ಟೆ ನೆನೆಸಿದೆ. ಎಷ್ಟು ಹಿಂಡಬೇಕೋ ತಿಳಿಯದೆ
ದಿಂಬೆಲ್ಲ ಒದ್ದೆ.
ಟಾರ್ಚು ಹಲ್ಲಲ್ಲಿ ಕಚ್ಚಿ
ಸಿರಪ್ಪಿನ ಮುಚ್ಚಳದೊಳಗೆ ಗೆರೆ ಹುಡುಕಿದೆ,
ಅಷ್ಟು ಸಣ್ಣ ಗೆರೆ ಯಾರು ಎಳೆದರೋ.

ಹುಳದ ಮನೆಯಲ್ಲಿ ಸೊಪ್ಪು ಮುಗಿದು
ಸದ್ದು ನಿಂತಿತ್ತು.
ಕಾಯಲಿ, ಒಂದು ರಾತ್ರಿ.

"ಅಮ್ಮಾ" ಎಂದಳು, ಕಣ್ಣು ಬಿಡದೆ.
ಹ್ಞೂ, ಅಂದೆ.